ಅಡಿಕೆ ಸಿಪ್ಪೆ: ಕರೆಂಟಿಗಿಂತ ಮೊದಲು ಬಚ್ಚಲೊಲೆ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಒಂದೂವರೆ ಎಕರೆ ಅಡಿಕೆ ತೋಟ, ವರ್ಷಕ್ಕೆ ಹೆಚ್ಚುಕಡಿಮೆ ಹತ್ತು ಕ್ವಿಂಟಲ್ ರಾಶಿ ಇಡಿ (ಬೇಯಿಸಿ ಒಣಗಿಸಿದ ಅಡಿಕೆ) ಆಗುತ್ತದೆ. ಕೊಟ್ಟಿಗೆಯಲ್ಲಿ ಎರಡು ಜರ್ಸಿ, ಎರಡು ಮಲೆನಾಡು ಗಿಡ್ಡ ಇವೆ. ಸುಲಿದ ಸಿಪ್ಪೆಯನ್ನು ಇಷ್ಟು ವರ್ಷ ತೋಟದ ಅಂಚಿಗೆ ಸುರಿಯುತ್ತಿದ್ದೆವು. ಮಳೆಗಾಲದಲ್ಲಿ ಕೊಳೆತು ನಾರುತ್ತದೆ. ಈಗ ಒಬ್ಬರು ಬಂದು, ಸಿಪ್ಪೆಯಿಂದ ಗ್ಯಾಸ್ ಮಾಡಿ ದಿನಕ್ಕೆ 10 ಯೂನಿಟ್ ಕರೆಂಟ್ ತೆಗೆಯುವ ಯಂತ್ರ ಕೂರಿಸಿಕೊಡುತ್ತೇವೆ, ಮುಂಗಡ ಕೊಡಿ ಎನ್ನುತ್ತಿದ್ದಾರೆ. ಸಿಪ್ಪೆಯನ್ನು ಸಗಣಿಯ ಜೊತೆ ಗೋಬರ್ ಗ್ಯಾಸ್ ಗುಂಡಿಗೇ ಹಾಕಬಹುದು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಮುಂಗಡ ಕೊಡಬೇಡಿ. ಸಿಪ್ಪೆಯನ್ನು ಗುಂಡಿಗೂ ಹಾಕಬೇಡಿ. ಹಾಗೆಂದು ಸಿಪ್ಪೆ ಕೆಲಸಕ್ಕೆ ಬಾರದ ವಸ್ತುವಲ್ಲ. ನಿಮ್ಮ ಮನೆಯಲ್ಲಿ ಅತಿ ಹೆಚ್ಚು ಶಕ್ತಿ ಖರ್ಚಾಗುತ್ತಿರುವುದು ದೀಪಕ್ಕೋ ಫ್ಯಾನಿಗೋ ಅಲ್ಲ. ಬಚ್ಚಲ ಹಂಡೆಗೆ, ಅಡಿಕೆ ಬೇಯಿಸುವ ಹಂಡೆಗೆ, ಅಡುಗೆಗೆ. ಮೂರಕ್ಕೂ ಬೇಕಾದದ್ದು ಶಾಖ. ಸಿಪ್ಪೆಯಲ್ಲಿ ಇರುವುದೂ ಶಾಖವೇ. ಶಾಖವನ್ನು ಗ್ಯಾಸ್ ಮಾಡಿ, ಗ್ಯಾಸಿನಿಂದ ಎಂಜಿನ್ ಓಡಿಸಿ, ಎಂಜಿನ್‌ನಿಂದ ಕರೆಂಟ್ ತೆಗೆದು, ಕೊನೆಗೆ ಆ ಕರೆಂಟಿನಲ್ಲಿ ಗೀಸರ್ ಹಾಕಿ ನೀರು ಕಾಯಿಸುವುದಾದರೆ ದಾರಿಯಲ್ಲೇ ಮುಕ್ಕಾಲು ಪಾಲಿಗಿಂತ ಹೆಚ್ಚು ಸೋರಿಹೋಗುತ್ತದೆ.

ಮೊದಲು ತೇವದ ವಿಚಾರ. ಸಾವಯವ ತ್ಯಾಜ್ಯ ಯಾವುದೇ ಇರಲಿ, ಅದನ್ನು ಉರಿಸಬೇಕೋ ಕೊಳೆಸಬೇಕೋ ಎಂಬುದನ್ನು ನಿರ್ಧರಿಸುವುದು ಅದರಲ್ಲಿರುವ ನೀರು ಮತ್ತು ನಾರು. ನೀರು ಹೆಚ್ಚು, ನಾರು ಕಡಿಮೆ ಇದ್ದರೆ ಗುಂಡಿಗೆ: ಸಗಣಿ, ಮುಸುರೆ, ಹಲಸಿನ ಹಣ್ಣಿನ ಉಳಿಕೆ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ನೀರು. ನೀರು ಕಡಿಮೆ, ನಾರು ಹೆಚ್ಚಿದ್ದರೆ ಒಲೆಗೆ: ಕಟ್ಟಿಗೆ, ತೆಂಗಿನ ಚಿಪ್ಪು, ಭತ್ತದ ಹೊಟ್ಟು. ಹಸಿ ಅಡಿಕೆ ಸಿಪ್ಪೆಯ ತೊಂದರೆಯೆಂದರೆ ಅದರಲ್ಲಿ ನೀರೂ ಹೆಚ್ಚು, ನಾರೂ ಹೆಚ್ಚು. ಆದ್ದರಿಂದಲೇ ಅದು ಎಲ್ಲ ಊರಲ್ಲೂ ರಸ್ತೆ ಬದಿಗೆ ಬಂದು ಬೀಳುತ್ತದೆ.

ಸುಲಿಯುವ ಯಂತ್ರದಿಂದ ಆಗಷ್ಟೇ ಬಿದ್ದ ಸಿಪ್ಪೆಯನ್ನು ಒಂದು ಹಿಡಿ ತೆಗೆದು ಹಿಂಡಿ ನೋಡಿ. ನೀರು ಜಿನುಗುತ್ತದೆ, ಬೆರಳಿಗೆ ಹತ್ತಿದ ಕರೆ ಎರಡು ದಿನ ಸೋಪು ಹಾಕಿದರೂ ಹೋಗುವುದಿಲ್ಲ. ಅದರ ತೂಕದಲ್ಲಿ ಮುಕ್ಕಾಲು ಭಾಗ ನೀರೇ. ಒಂದು ಕಿಲೋ ಹಸಿ ಸಿಪ್ಪೆಯಲ್ಲಿ ಒಣ ಪದಾರ್ಥ ಕಾಲು ಕಿಲೋ. ಅದರಿಂದ ಬರುವ ಶಾಖ ಸುಮಾರು 4 ಮೆಗಾಜೌಲ್. ಉಳಿದ ಮುಕ್ಕಾಲು ಕಿಲೋ ನೀರನ್ನು ಆವಿ ಮಾಡಲಿಕ್ಕೇ ಹತ್ತಿರಹತ್ತಿರ 2 ಮೆಗಾಜೌಲ್ ಬೇಕು. ಅಂದರೆ ಅರ್ಧ ಶಾಖ ತನ್ನದೇ ನೀರನ್ನು ಓಡಿಸಲು ಹೋಯಿತು. ಉಳಿದರ್ಧದಲ್ಲೂ ಬೆಂಕಿ ಹತ್ತದೆ ಬರೀ ಹೊಗೆ. ಅದೇ ಸಿಪ್ಪೆ ಚೆನ್ನಾಗಿ ಒಣಗಿದ್ದರೆ ಕಿಲೋಗೆ 14–15 ಮೆಗಾಜೌಲ್ ಕೊಡುತ್ತದೆ, ನಿಮ್ಮ ಒಣ ಕಾಡುಕಟ್ಟಿಗೆಗೆ ಹೆಚ್ಚು ಕಡಿಮೆಯಿಲ್ಲ.

ಗೋಬರ್ ಗ್ಯಾಸ್ ಗುಂಡಿಯ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಸಗಣಿ ಎಂದರೆ ಹಸು ಅಗಿದು, ಮೆಲುಕು ಹಾಕಿ, ಹೊಟ್ಟೆಯಲ್ಲಿ ಅರ್ಧ ಕೆಲಸ ಮುಗಿಸಿ ಕೊಟ್ಟದ್ದು. ಗುಂಡಿಯ ಬ್ಯಾಕ್ಟೀರಿಯಾಗಳಿಗೆ ಅದು ಸುಲಭ. ಅಡಿಕೆ ಸಿಪ್ಪೆಯ ನಾರಿನಲ್ಲಿ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ಪದಾರ್ಥ) ಹೆಚ್ಚು. ಗಾಳಿಯಿಲ್ಲದ ಗುಂಡಿಯಲ್ಲಿ ಲಿಗ್ನಿನ್ ಕರಗುವುದಿಲ್ಲ. ಕರೆ ತರುವ ಆ ಒಗರು ಪದಾರ್ಥ ಬ್ಯಾಕ್ಟೀರಿಯಾಗಳಿಗೂ ಹಿಡಿಸದು. ಜೊತೆಗೆ ನಾರು ತೇಲುತ್ತದೆ. ಕೆಲವೇ ತಿಂಗಳಲ್ಲಿ ಮೇಲೆ ದಪ್ಪ ಪದರ ಕಟ್ಟಿ, ಗ್ಯಾಸ್ ಏಳದೆ, ಒಳಬರುವ ಪೈಪೂ ಕಟ್ಟಿಕೊಳ್ಳುತ್ತದೆ. ಆಮೇಲೆ ಗುಂಡಿ ಬಿಚ್ಚಿ ಬಳಿಯಬೇಕು. ಆ ಕೆಲಸಕ್ಕೆ ಯಾರನ್ನೂ ಒಳಗೆ ಇಳಿಸಬೇಡಿ. ಖಾಲಿ ಕಂಡರೂ ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಇಳಿದವರು, ಅವರನ್ನು ಎತ್ತಲು ಹೋದವರು ಇಬ್ಬರೂ ಸತ್ತ ಉದಾಹರಣೆಗಳಿವೆ.

ಇನ್ನು ನಿಮ್ಮ ಲೆಕ್ಕ. ನೂರು ಕಿಲೋ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಸಿಗುವುದು ಹನ್ನೆರಡು-ಹದಿಮೂರು ಕಿಲೋ ಎಂಬುದು ನಿಮಗೇ ಗೊತ್ತು. ಸಿಪ್ಪೆ ಅರವತ್ತು ಕಿಲೋಗೆ ಕಡಿಮೆಯಿಲ್ಲ. ಹಾಗಾದರೆ ಒಂದು ಕ್ವಿಂಟಲ್ ಒಣ ಅಡಿಕೆಯ ಹಿಂದೆ ಐದು ಕ್ವಿಂಟಲ್ ಹಸಿ ಸಿಪ್ಪೆ; ಅದು ಒಣಗಿದರೆ ಒಂದು ಕ್ವಿಂಟಲ್‌ಗೆ ತುಸು ಮೇಲೆ. ಬಾಯಿಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಮಂಡಿಗೆ ಎಷ್ಟು ಕ್ವಿಂಟಲ್ ಅಡಿಕೆ ಹೋಗುತ್ತದೋ ಮನೆಯಲ್ಲಿ ಅಷ್ಟೇ ಕ್ವಿಂಟಲ್ ಒಣ ಸೌದೆ ಉಳಿಯುತ್ತದೆ. ನಿಮ್ಮದು ಹತ್ತು ಕ್ವಿಂಟಲ್, ಅಂದರೆ ಸಾವಿರ ಕಿಲೋ.

ಬಚ್ಚಲಲ್ಲಿ ದಿನಕ್ಕೆ ನೂರು ಲೀಟರ್ ನೀರು ಕಾಯುತ್ತದೆ ಎಂದು ಹಿಡಿಯೋಣ. ತಣ್ಣೀರನ್ನು 60 ಡಿಗ್ರಿಗೆ ತರಲು ಬೇಕಾಗುವುದು 16 ಮೆಗಾಜೌಲ್ ಶಾಖ. ನಮ್ಮ ಕಡೆಯ ಹಳೆಯ ಒಲೆಗಳಲ್ಲಿ ಉರಿದ ಶಾಖದ ನೂರಕ್ಕೆ 10ರಿಂದ 15 ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದದ್ದು ಹೊಗೆಯ ಜೊತೆ ಮಾಡಿಗೆ, ಗೋಡೆಗೆ. 15 ಪಾಲು ಎಂದೇ ಹಿಡಿದರೂ ಅಂಥ ಒಲೆಗೆ ದಿನಕ್ಕೆ ಏಳೆಂಟು ಕಿಲೋ ಒಣ ಸಿಪ್ಪೆ ಬೇಕು. ನಾಲ್ಕೂವರೆ ತಿಂಗಳಿಗೆ ದಾಸ್ತಾನು ಖಾಲಿ. ಒಲೆ ಸುಧಾರಿಸಿ ನೂರಕ್ಕೆ 30 ಪಾಲು ಶಾಖ ಹಂಡೆಗೆ ಸೇರುವಂತೆ ಮಾಡಿದರೆ ಮೂರೂವರೆ-ನಾಲ್ಕು ಕಿಲೋ ಸಾಕು. ಅದೇ ಸಾವಿರ ಕಿಲೋ ಎಂಟೊಂಬತ್ತು ತಿಂಗಳು ಬರುತ್ತದೆ. ಯಂತ್ರಕ್ಕೆ ಇಡಬೇಕೆಂದಿದ್ದ ಹಣದಲ್ಲಿ ಒಂದು ಸಣ್ಣ ಪಾಲನ್ನು ಗಾರೆಯವನಿಗೂ ಕಬ್ಬಿಣದ ಜಾಲರಿಗೂ ಕೊಟ್ಟರೆ ಆಗುವ ಕೆಲಸ ಇದು.

ಒಲೆ ಹೇಗಿರಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಮುಂದೆ ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮ ಮನೆಯ ಹಿರಿಯರು ನೋಡಿರುತ್ತಾರೆ. ಅದರ ತತ್ವ ಮೂರೇ: ಬೆಂಕಿಯ ಅಡಿಯಿಂದ ಗಾಳಿ ಬರಬೇಕು, ಬಿಸಿ ಹೊಗೆ ಪಾತ್ರೆಯನ್ನು ಸವರಿಕೊಂಡೇ ಹೊರಹೋಗಬೇಕು, ಹೊಗೆ ಕೊಳವೆ ಎಳೆಯುವಷ್ಟು ಎತ್ತರ ಇರಬೇಕು. ಬಚ್ಚಲ ಹಂಡೆಯಲ್ಲಿ ಸಾಮಾನ್ಯವಾಗಿ ಆಗಿರುವ ತಪ್ಪೆಂದರೆ ಹಂಡೆಯನ್ನು ಸುತ್ತಲೂ ಮಣ್ಣು ಮೆತ್ತಿ ಕೂರಿಸಿರುತ್ತಾರೆ, ಬೆಂಕಿ ತಳಕ್ಕೆ ಮಾತ್ರ ತಾಗುತ್ತದೆ. ಹಂಡೆಯ ಪಕ್ಕಕ್ಕೂ ಗೋಡೆಗೂ ನಡುವೆ ಹೆಬ್ಬೆರಳು ದಪ್ಪದ ಸಂದು ಬಿಟ್ಟು, ಹೊಗೆ ಆ ಸಂದಿನಲ್ಲಿ ಸುತ್ತಿ ಹಿಂದಿನಿಂದ ಕೊಳವೆಗೆ ಹೋಗುವಂತೆ ಮಾಡಿಸಿ. ಕೆಳಗೆ ಜಾಲರಿ, ಜಾಲರಿಯ ಕೆಳಗೆ ಬೂದಿ ಗೂಡು, ಅದಕ್ಕೊಂದು ತಗಡಿನ ಬಾಗಿಲು. ಉರಿ ಜೋರಾದಾಗ ಬಾಗಿಲು ಅರ್ಧ ಮುಚ್ಚಬೇಕು.

ಸಿಪ್ಪೆ ಕಟ್ಟಿಗೆಯ ಹಾಗೆ ಉರಿಯುವುದಿಲ್ಲ ಎಂಬುದನ್ನೂ ಮನೆಯಲ್ಲಿ ಒಲೆ ಹಾಕುವವರಿಗೆ ಹೇಳಿ. ಒಂದು ಬುಟ್ಟಿ ಒಮ್ಮೆಲೇ ತುರುಕಿದರೆ ಗಾಳಿ ಸಿಗದೆ ಕಪ್ಪಗೆ ಹೊಗೆಯಾಡುತ್ತದೆ, ಆಮೇಲೆ ಒಮ್ಮೆಗೇ ಭಗ್ಗೆಂದು ಹೊತ್ತಿ ಐದು ನಿಮಿಷದಲ್ಲಿ ತಣ್ಣಗಾಗುತ್ತದೆ. ಒಂದೋ ಎರಡೋ ಕೊರಡು ಹಿಂದೆ ಇಟ್ಟು, ಮುಂದಿನಿಂದ ಎರಡು ಹಿಡಿ, ಮೂರು ಹಿಡಿ ಎಂದು ಹಾಕುತ್ತಾ ಹೋದರೆ ಉರಿ ನಿಲ್ಲುತ್ತದೆ. ಇದಕ್ಕೆ ಮನೆಯವರ ಸಮಯ ಬೇಕು. ಕಟ್ಟಿಗೆ ಒಡ್ಡಿ ತೋಟಕ್ಕೆ ಹೋದ ಹಾಗಲ್ಲ. ಈ ಅನನುಕೂಲವನ್ನು ಮುಚ್ಚಿಟ್ಟು ಸಲಹೆ ಕೊಡುವುದು ಸರಿಯಲ್ಲ.

ಒಣಗಿಸುವುದೇ ನಿಜವಾದ ತಲೆನೋವು. ಮೊದಲ ಕೊಯ್ಲಿಗೆ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಅಂಗಳ, ಚಪ್ಪರ ಎಲ್ಲ ಅಡಿಕೆಗೆ ಬೇಕು. ಆ ಕೊಯ್ಲಿನ ಸಿಪ್ಪೆಯ ಆಸೆ ಬಿಟ್ಟು ಅದನ್ನು ಗೊಬ್ಬರಕ್ಕೆ ಹಾಕಿ; ಮೇಲೆ ಹೇಳಿದ ಸಾವಿರ ಕಿಲೋ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಎರಡನೇ, ಮೂರನೇ ಕೊಯ್ಲಿನದನ್ನು ಒಣಗಿಸಿ. ಸುಲಿದ ದಿನವೇ ತೆಳ್ಳಗೆ ಹರಡಬೇಕು. ಒಂದು ರಾತ್ರಿ ರಾಶಿ ಹಾಕಿ ಬಿಟ್ಟರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಡಾಂಬರು ರಸ್ತೆ ಮೇಲೆ ಹರಡುವ ಅಭ್ಯಾಸ ನಮ್ಮಲ್ಲಿ ಬಂದಿದೆ, ಬೈಕಿನವರು ಜಾರಿ ಬೀಳುತ್ತಾರೆ, ಬೇಡ. ಒಣಗಿತೋ ಇಲ್ಲವೋ ನೋಡಲು ತೇವಾಂಶ ಮೀಟರ್ ಬೇಕಾಗಿಲ್ಲ. ಒಂದು ಸಿಪ್ಪೆಯನ್ನು ಉದ್ದಕ್ಕೆ ಮಡಚಿ: ಹೊರಗಿನ ತೊಗಟೆ ಪಟ್ಟೆಂದು ಮುರಿದು ನಾರು ಬಿಡಿಬಿಡಿಯಾಗಿ ಎದ್ದರೆ ಆಯಿತು, ಬಾಗಿ ಹಾಗೇ ನಿಂತರೆ ಇನ್ನೆರಡು ಬಿಸಿಲು ಬೇಕು. ದಾಸ್ತಾನಿಗೆ ಸಣ್ಣ ಕೋಣೆಯಷ್ಟು ಜಾಗ, ಮೇಲೊಂದು ಮಾಡು, ನೆಲದಿಂದ ಒಂದಡಿ ಎತ್ತರದ ಅಟ್ಟಣಿಗೆ. ಮನೆಗೆ, ಕೊಟ್ಟಿಗೆಗೆ ತಾಗಿಕೊಂಡು ಬೇಡ. ಬೆಂಕಿಯ ಭಯವೊಂದು, ಹಾವಿನ ಭಯ ಇನ್ನೊಂದು.

ಇದೇ ಸಿಪ್ಪೆ ಅಡಿಕೆ ಬೇಯಿಸುವ ಒಲೆಗೂ ಆಗುತ್ತದೆ. ಅದಕ್ಕೂ ಜಾಲರಿ, ಕೊಳವೆ ಬೇಕು. ಡ್ರೈಯರ್ ಇಟ್ಟುಕೊಂಡವರು ಸಿಪ್ಪೆ ಉರಿಸುವುದಾದರೆ ಹೊಗೆ ಅಡಿಕೆಗೆ ತಾಗದಂತೆ, ಬೆಂಕಿಯ ಶಾಖ ತಗಡಿನ ಕೊಳವೆಯ ಮೂಲಕ ಗಾಳಿಗೆ ಬರುವ ಮಾದರಿಯನ್ನೇ ತೆಗೆದುಕೊಳ್ಳಬೇಕು. ಹೊಗೆ ಕುಡಿದ ಅಡಿಕೆಯ ಬಣ್ಣ ನೋಡಿ ಮಂಡಿಯಲ್ಲಿ ದರ ಇಳಿಸುತ್ತಾರೆ.

ಕಟ್ಟಿಗೆ ಉಳಿಯುವುದರಿಂದ ಇನ್ನೊಂದು ಲಾಭವಿದೆ, ಯಾರೂ ಲೆಕ್ಕಕ್ಕೆ ಹಿಡಿಯದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ. ಅದರ ಕಾಲ ಹೆಚ್ಚಾಗಿ ಜನವರಿಯಿಂದ ಮೇ. ನಾವು ಮಳೆಗಾಲಕ್ಕೆಂದು ಕಟ್ಟಿಗೆ, ದರಗು ತರಲು ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ.

ಈಗ ಅಡುಗೆಮನೆಗೆ ಬರೋಣ. ಅಲ್ಲಿಗೆ ಸಗಣಿ ಗ್ಯಾಸೇ ಸರಿ. ಎರಡು ಜರ್ಸಿಗಳಿಂದ ದಿನಕ್ಕೆ ಮೂವತ್ತು ಕಿಲೋ, ಬಿಟ್ಟು ಮೇಯಿಸುವ ಗಿಡ್ಡಗಳು ಅರ್ಧ ಸಗಣಿಯನ್ನು ಬ್ಯಾಣದಲ್ಲೇ ಹಾಕಿ ಬರುವುದರಿಂದ ಎರಡರಿಂದಲೂ ಸೇರಿ ಹತ್ತು ಕಿಲೋ, ಒಟ್ಟು ನಲವತ್ತು. ಒಂದು ಕಿಲೋ ಹಸಿ ಸಗಣಿಗೆ 35–40 ಲೀಟರ್ ಗ್ಯಾಸ್ ಎಂದರೆ ದಿನಕ್ಕೆ ಒಂದೂವರೆ ಘನ ಮೀಟರ್. ಒಂದು ಘನ ಮೀಟರ್ ಸಗಣಿ ಗ್ಯಾಸ್ ಸುಮಾರು 450 ಗ್ರಾಂ ಎಲ್‌ಪಿಜಿಗೆ ಸಮ. ತಿಂಗಳಿಗೆ ಇಪ್ಪತ್ತು ಕಿಲೋ ಎಲ್‌ಪಿಜಿ, ಹತ್ತಿರಹತ್ತಿರ ಒಂದೂವರೆ ಸಿಲಿಂಡರ್. ಎರಡು ಘನ ಮೀಟರಿನ ದೀನಬಂಧು ಮಾದರಿ ನಿಮಗೆ ಸಾಕು. 1984ರಲ್ಲಿ ಬಂದ ಈ ಇಟ್ಟಿಗೆ ಗುಮ್ಮಟದ ಮಾದರಿಯಲ್ಲಿ ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ ಇಲ್ಲ. ನಮ್ಮ ಮಳೆಗೆ ಅದೇ ಒಳ್ಳೆಯದು. ದೊಡ್ಡದು ಕಟ್ಟಿದರೆ ಹೆಚ್ಚು ಗ್ಯಾಸ್ ಎಂಬುದು ಭ್ರಮೆ. ಸಗಣಿ ಎಷ್ಟೋ ಗ್ಯಾಸ್ ಅಷ್ಟೇ.

ಮಲೆನಾಡಿನಲ್ಲಿ ಗೋಬರ್ ಗ್ಯಾಸ್ ಕೆಡುವುದು ಮಳೆಗಾಲದಲ್ಲಿ. ಬಯಲುಸೀಮೆಗೆಂದು ಬರೆದ ಕೈಪಿಡಿಗಳಲ್ಲಿ ಇದು ಇರುವುದಿಲ್ಲ. ಆಗುಂಬೆಯ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ನಿಮ್ಮಲ್ಲೂ ಕಡಿಮೆಯೇನಲ್ಲ. ಸಗಣಿ ಕಲಸುವ ತೊಟ್ಟಿಯ ಮೇಲೆ ಮಾಡು ಇಲ್ಲದಿದ್ದರೆ ಸೂರಿನ ನೀರೆಲ್ಲ ಗುಂಡಿಗೆ ಹೋಗಿ ರಾಡಿ ತೆಳ್ಳಗಾಗುತ್ತದೆ. ತೋಟದ ಮಟ್ಟದಲ್ಲಿ ಗುಂಡಿ ತೋಡಿದರೆ ಜುಲೈನಲ್ಲಿ ಒರತೆ ಎದ್ದು ಗುಮ್ಮಟವನ್ನೇ ಕೆಳಗಿನಿಂದ ಒತ್ತುತ್ತದೆ, ಬಿರುಕು ಬಿಡುತ್ತದೆ. ಕೊಟ್ಟಿಗೆಯ ಪಕ್ಕ, ಧರೆಯ ಮೇಲಿನ ಎತ್ತರದ ಜಾಗ ಹುಡುಕಿ. ತಂಪು ಹೆಚ್ಚಾದಂತೆ ಗ್ಯಾಸ್ ಕಡಿಮೆ. ಬ್ಯಾಕ್ಟೀರಿಯಾಗಳಿಗೆ 35 ಡಿಗ್ರಿ ಹಿತ, 20ರ ಕೆಳಗೆ ಅವು ಮಂಕು. ಬಚ್ಚಲ ಹಂಡೆಯಿಂದ ಒಂದು ಬಕೆಟ್ ಉಗುರುಬೆಚ್ಚಗಿನ ನೀರಿನಲ್ಲಿ ಸಗಣಿ ಕಲಸಿ ಹಾಕಿ, ಗುಮ್ಮಟದ ಮೇಲೆ ಮಣ್ಣು, ಸೋಗೆ ಹೊದಿಸಿ. ಒಲೆಯಲ್ಲಿ ಉರಿ ಕುಣಿಯಲು ಶುರುವಾದರೆ ಗ್ಯಾಸ್ ಮುಗಿಯಿತು ಎಂದುಕೊಳ್ಳಬೇಡಿ. ಪೈಪಿನ ತಗ್ಗಿನಲ್ಲಿ ನೀರು ನಿಂತಿರುತ್ತದೆ. ತಗ್ಗಿನ ಜಾಗದಲ್ಲೇ ಒಂದು ನಲ್ಲಿ ಕೂರಿಸಿಕೊಂಡರೆ ವಾರಕ್ಕೊಮ್ಮೆ ಬಿಟ್ಟು ನೀರು ತೆಗೆಯಬಹುದು. ಹಲಸಿನ ಕಾಲದಲ್ಲಿ ಹಣ್ಣಿನ ಉಳಿಕೆಯನ್ನು ಹಾಕಬಹುದು, ಸ್ವಲ್ಪಸ್ವಲ್ಪ. ಒಂದೇ ದಿನ ಬುಟ್ಟಿಗಟ್ಟಲೆ ಹಾಕಿದರೆ ಗುಂಡಿ ಹುಳಿಯಾಗಿ ವಾರಗಟ್ಟಲೆ ಗ್ಯಾಸ್ ನಿಲ್ಲುತ್ತದೆ.

ಸಹಾಯಧನ ಬೇಕಾದರೆ ಕಟ್ಟುವ ಮೊದಲೇ ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ.

ಕರೆಂಟಿನ ಯಂತ್ರ. ಅವರು ತೋರಿಸಿರುವುದು ಗ್ಯಾಸಿಫೈಯರ್ ಇರಬೇಕು. ಒಣ ಕಟ್ಟಿಗೆಯನ್ನು ಅರೆಗಾಳಿಯಲ್ಲಿ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಇರುವ ಉರಿಯುವ ಅನಿಲ ಬರುತ್ತದೆ. ಅದನ್ನು ತೊಳೆದು, ಸೋಸಿ ಎಂಜಿನ್‌ಗೆ ಕೊಡುತ್ತಾರೆ. ತಂತ್ರಜ್ಞಾನ ಸುಳ್ಳಲ್ಲ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲೇ ಸಣ್ಣ ಗ್ಯಾಸಿಫೈಯರ್ ಇಟ್ಟು ಊರಿಗೆ ದೀಪ ಕೊಟ್ಟರು, ಮುಂದೆ 20 ಕಿಲೋವಾಟ್‌ಗೆ ಏರಿಸಿ ಕುಡಿಯುವ ನೀರು, ಹಿಟ್ಟಿನ ಗಿರಣಿಯನ್ನೂ ನಡೆಸಿದರು. ಆದರೆ ಅಲ್ಲಿ ಉರಿದದ್ದು ಒಂದೇ ಅಳತೆಗೆ ಕಡಿದ ಒಣ ಕಟ್ಟಿಗೆ. ಅದಕ್ಕೆಂದೇ ನೆಡುತೋಪು ಇತ್ತು, ಕಡಿಯಲು, ನಡೆಸಲು ಜನ ಇದ್ದರು, ಬೆನ್ನ ಹಿಂದೆ ಎಂಜಿನಿಯರುಗಳೂ ಇದ್ದರು. ಬಿಡಿ ಅಡಿಕೆ ಸಿಪ್ಪೆ ಗ್ಯಾಸಿಫೈಯರಿನ ಕೊಳಗದೊಳಗೆ ಒಂದಕ್ಕೊಂದು ಹೆಣೆದುಕೊಂಡು ಮೇಲೇ ನಿಂತುಬಿಡುತ್ತದೆ, ಕೆಳಗೆ ಬೆಂಕಿ ಬರಿದಾಗುತ್ತದೆ. ತೇವ ಉಳಿದಿದ್ದರೆ ಟಾರು ಹೆಚ್ಚಾಗಿ ಎಂಜಿನ್ ವಾಲ್ವುಗಳಿಗೆ ಅಂಟುತ್ತದೆ.

ಯಂತ್ರ ಸರಿಯಾಗಿಯೇ ನಡೆಯಿತು ಎನ್ನಿ. ಇಷ್ಟು ಚಿಕ್ಕ ಎಂಜಿನ್ ಯೂನಿಟ್ಟಿಗೆ ಒಂದೂವರೆಯಿಂದ ಎರಡು ಕಿಲೋ ಒಣ ಪದಾರ್ಥ ತಿನ್ನುತ್ತದೆ. ದಿನಕ್ಕೆ 10 ಯೂನಿಟ್ ಎಂದರೆ ಹದಿನೈದಿಪ್ಪತ್ತು ಕಿಲೋ. ನಿಮ್ಮ ವರ್ಷದ ಸಾವಿರ ಕಿಲೋ ಎರಡು ತಿಂಗಳಿಗೆ ಮುಗಿಯಿತು. ಯೂನಿಟ್ಟಿಗೆ ಆರೇಳು ರೂಪಾಯಿ ಹಿಡಿದರೂ ದಿನದ ಗಳಿಕೆ ಅರವತ್ತೆಪ್ಪತ್ತು ರೂಪಾಯಿ. ಯಂತ್ರದ ಮುಂದೆ ಕೂರುವ ಆಳಿನ ಅರ್ಧ ದಿನದ ಸಂಬಳವೂ ಅಲ್ಲ. ಅದೂ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಮನೆಗೆ, 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಸರ್ಕಾರ ಬಿಲ್ಲು ಕಟ್ಟುತ್ತಿರುವ ರಾಜ್ಯದಲ್ಲಿ. ಉಚಿತ ಕರೆಂಟಿನ ಜೊತೆ ಸ್ಪರ್ಧಿಸಿ ಗೆಲ್ಲುವ ಯಂತ್ರ ಇನ್ನೂ ಹುಟ್ಟಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲ ಎಂಬುದು ನಿಮ್ಮ ಕಷ್ಟವಾದರೆ ದೀಪಕ್ಕಷ್ಟೇ ಒಳ್ಳೆಯ ಯುಪಿಎಸ್, ನೀರು ವರ್ಷಪೂರ್ತಿ ಇಳಿಯುವ ಹಳ್ಳವಿದ್ದರೆ ಪಿಕೋ ಹೈಡ್ರೋ (ಹಳ್ಳದ ನೀರಿನಿಂದ ಕರೆಂಟ್ ತೆಗೆಯುವ ಪುಟ್ಟ ಯಂತ್ರ) ನೋಡಿ. ಇನ್ನೊಂದು ಮಾತು: ಆ ಅನಿಲದಲ್ಲಿ ಐದರಲ್ಲೊಂದು ಪಾಲು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಸೋರಿದರೆ ಜೀವಕ್ಕೇ ಅಪಾಯ. ಮನೆಗೆ ತಾಗಿದ ಶೆಡ್ಡಿನಲ್ಲಿ ಇದನ್ನು ಇಡುವ ಮಾತೇ ಬೇಡ.

ಹಾಗಾದರೆ ದೊಡ್ಡ ಮಟ್ಟದಲ್ಲಿ ಸಿಪ್ಪೆಗೆ ದಾರಿಯಿಲ್ಲವೇ? ಇದೆ, ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರರ ಕಣದಲ್ಲಿ. ಹತ್ತಾರು ತೋಟಗಳ ಅಡಿಕೆ ಒಂದೇ ಕಡೆ ಸುಲಿಯುವಲ್ಲಿ ಸಿಪ್ಪೆ ಟನ್‌ಗಟ್ಟಲೆ ಬೀಳುತ್ತದೆ, ಅಲ್ಲೇ ದಿನವಿಡೀ ಹಂಡೆಗಳು ಉರಿಯುತ್ತವೆ, ಕಟ್ಟಿಗೆಗೆ ದುಡ್ಡು ಕೊಡುತ್ತಿರುತ್ತಾರೆ. ಅಂಥ ಕಡೆ ಸಿಪ್ಪೆಯನ್ನು ಕತ್ತರಿಸಿ, ಒಣಗಿಸಿ, ಬ್ರಿಕೆಟ್ (ಉರುವಲು ಇಟ್ಟಿಗೆ) ಒತ್ತಿ ಅಲ್ಲಿನ ಹಂಡೆಗಳಿಗೇ ಉರಿಸುವುದು ಲೆಕ್ಕಕ್ಕೆ ಸರಿಹೊಂದುತ್ತದೆ. ಕಲ್ಲಿದ್ದಲು ಸ್ಥಾವರಗಳು ಕಲ್ಲಿದ್ದಲ ಜೊತೆ ನೂರಕ್ಕೆ 5 ಪಾಲಿನಷ್ಟು ಬಯೋಮಾಸ್ ಪೆಲೆಟ್ (ಕೃಷಿ ಉಳಿಕೆ ಒತ್ತಿ ಮಾಡಿದ ಸಣ್ಣ ತುಂಡು) ಉರಿಸಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ನೀತಿ ತಂದ ಮೇಲೆ ‘ನಿಮ್ಮ ಸಿಪ್ಪೆಯನ್ನು ರಾಯಚೂರಿಗೆ ಕಳಿಸೋಣ’ ಎನ್ನುವವರೂ ಬರುತ್ತಾರೆ. ಬಿಡಿ ಸಿಪ್ಪೆ ಲಾರಿ ತುಂಬಿದರೂ ತೂಕ ಬರುವುದಿಲ್ಲ, ಅಷ್ಟು ದೂರ ಸಾಗಿಸುವ ಡೀಸೆಲ್ಲಿಗೇ ಹಣ ಹೋಗುತ್ತದೆ. ಪೆಲೆಟ್ ಮಾಡುವುದಾದರೆ ಸಿಪ್ಪೆ ಬೀಳುವ ಜಾಗದಲ್ಲೇ ಮಾಡಬೇಕು, ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಸಿಗುವ ಮಾಲಿಗೆ ಯಂತ್ರ ಉಳಿದ ತಿಂಗಳು ಏನು ಒತ್ತಬೇಕು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು.

ಕಾರ್ಖಾನೆಯ ಹಸಿವು ನಮ್ಮ ಜಿಲ್ಲೆಗೆ ಹೊಸದಲ್ಲ. ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲು; ಮರವನ್ನು ಬಟ್ಟಿ ಇಳಿಸಿ ಇದ್ದಿಲಿನ ಜೊತೆ ಟಾರು, ಮರದ ಆಲ್ಕೋಹಾಲ್ ತೆಗೆಯುವ ಘಟಕವೂ ಅಲ್ಲಿತ್ತು. ಈಗಲೂ ಅಷ್ಟೇ, ತ್ಯಾಜ್ಯದಿಂದ ಶುರುವಾದ ಯೋಜನೆಗೆ ತ್ಯಾಜ್ಯ ಸಾಲದೆ ಬಂದಾಗ ಮುಂದಿನ ಕಣ್ಣು ಸೊಪ್ಪಿನಬೆಟ್ಟದ ಮೇಲೆ ಬೀಳುತ್ತದೆ. ಕೊಟ್ಟಿಗೆಗೆ ಹಾಸಿ ಗೊಬ್ಬರವಾಗಿ ತೋಟಕ್ಕೆ ಹೋಗಬೇಕಾದ ಸೊಪ್ಪು, ದರಗನ್ನು ಕಿಲೋಗೆ ಇಷ್ಟು ಎಂದು ಯಾರು ಕೇಳಿದರೂ ಕೊಡಬೇಡಿ.

ತೋಟಕ್ಕೆ ಸಲ್ಲಬೇಕಾದದ್ದನ್ನೂ ಲೆಕ್ಕ ಹಾಕಿಕೊಳ್ಳಿ. ಮೊದಲ ಕೊಯ್ಲಿನ ಹಸಿ ಸಿಪ್ಪೆಯನ್ನು ಗೋಬರ್ ಗ್ಯಾಸಿನ ಬಗ್ಗಡದ ಜೊತೆ ಪದರ ಪದರವಾಗಿ ಹಾಕಿ, ಎರಡು ಸಲ ಮಗುಚಿದರೆ ಮುಂದಿನ ಮಳೆಗಾಲದ ಹೊತ್ತಿಗೆ ನಾರು ಮೆತ್ತಗಾಗುತ್ತದೆ. ಗ್ಯಾಸ್ ತೆಗೆದದ್ದರಿಂದ ಬಗ್ಗಡದ ಸಾರಜನಕ ಹೋಗುವುದಿಲ್ಲ, ಹೋದದ್ದು ಇಂಗಾಲ ಮಾತ್ರ. ರಾಶಿಯನ್ನು ಹಳ್ಳದಿಂದ ದೂರ ಹಾಕಿ, ಅದರಿಂದ ಇಳಿಯುವ ಕಪ್ಪು ನೀರು ಮೀನಿಗೂ ಕೆಳಗಿನ ಮನೆಯವರ ಬಾವಿಗೂ ಒಳ್ಳೆಯದಲ್ಲ. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ. ಸಾವಿರ ಕಿಲೋ ಸಿಪ್ಪೆಗೆ ನಲವತ್ತೈವತ್ತು ಕಿಲೋ ಬೂದಿ ಸಿಗುತ್ತದೆ. ಅದನ್ನು ಮಳೆ ನಿಂತ ಮೇಲೆ ಅಡಿಕೆ ಬುಡಕ್ಕೆ ತೆಳ್ಳಗೆ ಉದುರಿಸಿ. ಸಗಣಿ ಗೊಬ್ಬರದ ಜೊತೆ ಮಾತ್ರ ಬೆರೆಸಬೇಡಿ, ಅಮೋನಿಯಾ ಆಗಿ ಸಾರಜನಕ ಹಾರಿಹೋಗುತ್ತದೆ.

ಯಂತ್ರದವರು ಮತ್ತೆ ಬಂದರೆ ಒಂದೇ ಬೇಡಿಕೆ ಇಡಿ. ನಿಮ್ಮ ಕಣದ ಸಿಪ್ಪೆಯನ್ನೇ ಎರಡು ಚೀಲ ಕೊಡಿ, ಕಟ್ಟಿಗೆ ಬೆರೆಸದೆ ಎರಡು ಗಂಟೆ ಎಂಜಿನ್ ಓಡಿಸಿ ತೋರಿಸಲಿ, ಎಷ್ಟು ಕಿಲೋಗೆ ಎಷ್ಟು ಯೂನಿಟ್ ಎಂದು ನಿಮ್ಮ ಕಣ್ಣೆದುರೇ ಮೀಟರ್ ಓದಲಿ. ಆಮೇಲೆ ಬೇಕಾದರೆ ಮುಂಗಡದ ಮಾತು.